ಹಳೆಯದಾದ ಯುದ್ಧ

ಇವತ್ತು ಬೆಳಿಗ್ಗೆ ಶಿವಮೊಗ್ಗದ ದುರ್ಗಿಗುಡಿಯ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದೆ. ಟಿ.ವಿ.ಯಲ್ಲಿ ಯುಕ್ರೇನಿನ ಯಾವುದೋ ಊರಿನ ಬಹುಮಹಡಿ ಕಟ್ಟಡ ಹೊತ್ತಿ ಉರಿಯುತ್ತಿತ್ತು. ಪಕ್ಕದ ಮೇಜಿನ ಹಿರಿಯರೊಬ್ಬರು, "ಇದು ಇನ್ನೂ ಮುಗಿದಿಲ್ಲವೇ? ಬೇರೆ ಏನಾದರೂ ಹಾಕಪ್ಪ" ಎಂದರು. ಹುಡುಗ ಚಾನೆಲ್ ಬದಲಿಸಿದ. ಒಬ್ಬರೂ ಬೇಡ ಎನ್ನಲಿಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

2022ರ ಮಾರ್ಚ್‌ನಲ್ಲಿ ನಾವು ಹೀಗಿರಲಿಲ್ಲ. ಪಕ್ಕದ ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ, ವೈದ್ಯಕೀಯ ವಿದ್ಯಾರ್ಥಿ, ಖಾರ್ಕಿವ್‌ನಲ್ಲಿ ದಿನಸಿಗೆಂದು ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದ. ಆ ವಾರ ಗೋಪಿ ವೃತ್ತದಲ್ಲಿ ಮೇಣದಬತ್ತಿ ಹಿಡಿದು ನಿಂತೆವು. ಮಾರ್ಚ್ 21ರಂದು ಅವನ ದೇಹ ಊರಿಗೆ ಬಂತು. ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ನಮ್ಮ ಪಾಲಿನ ಯುದ್ಧ ಅಲ್ಲಿಗೆ ಮುಗಿದುಹೋಯಿತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ರಷ್ಯಾ, ಬೆಲಾರುಸ್‌ಗಳಿಂದ ಬರುತ್ತಿದ್ದ ಪೊಟ್ಯಾಷ್ ದುಬಾರಿಯಾದಾಗ ಅಡಿಕೆ ತೋಟದಲ್ಲಿ ನಿಂತು ಈ ಯುದ್ಧವನ್ನು ಶಪಿಸಿದ್ದೆ. ಗೊಬ್ಬರ ಸಿಗತೊಡಗಿದ ಮೇಲೆ ಶಪಿಸುವುದನ್ನೂ ಬಿಟ್ಟೆ. ನೆನೆದರೆ ನಾಚಿಕೆಯಾಗುತ್ತದೆ.

ದೇಶಗಳೂ ಹೀಗೆಯೇ ದಣಿದಿವೆ. 2022ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶಗಳು ಆಕ್ರಮಣದ ವಿರುದ್ಧ ಮತ ಹಾಕಿದ್ದವು. ಭಾರತ ಆಗಲೂ ತಟಸ್ಥವಾಗಿತ್ತು, ಅದೂ ನನಗೆ ಸರಿಕಾಣಲಿಲ್ಲ. ಯುದ್ಧಕ್ಕೆ ಮೂರು ವರ್ಷ ತುಂಬಿದ ದಿನ, 2025ರ ಫೆಬ್ರವರಿ 24ರಂದು, ಯುಕ್ರೇನ್ ಮುಂದಿಟ್ಟ ನಿರ್ಣಯಕ್ಕೆ ಸಿಕ್ಕಿದ್ದು 93 ಮತ. ಅಮೆರಿಕವೇ ವಿರುದ್ಧ ಮತ ಹಾಕಿತು. ಅಷ್ಟರಲ್ಲಿ ಬಾಂಬ್ ಬೀಳುವುದು ನಿಂತಿತ್ತೇ? ಇಲ್ಲ. ನೋಡುವವರಿಗೆ ಸಾಕಾಗಿತ್ತು, ಅಷ್ಟೇ.

"ಶಿವಮೊಗ್ಗದಲ್ಲಿ ಕೂಗಿದರೆ ಪುಟಿನ್‌ಗೆ ಕೇಳಿಸುತ್ತದೆಯೇ?" ಎಂದು ಗೆಳೆಯರೊಬ್ಬರು ಕೇಳಿದರು. ಕೇಳಿಸುವುದಿಲ್ಲ, ನನಗೂ ಗೊತ್ತು. ಆದರೆ 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಅನ್ಯಾಯದ ವಿರುದ್ಧ ಎದ್ದು ನಿಂತಾಗ, ಉತ್ತರ ಪ್ರದೇಶದ ಸಮಾಜವಾದಿ ನಾಯಕ ಲೋಹಿಯಾ ಇಲ್ಲಿಯವರೆಗೆ ಬಂದು ಬಂಧನಕ್ಕೊಳಗಾದರು. ಸಾಗರ ತಾಲ್ಲೂಕಿನ ಭತ್ತದ ಅಳತೆ ಅವರಿಗೇಕೆ ಬೇಕಿತ್ತು? ಆ ಹೆಸರನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ದೂರದ ಊರು, ದೂರದ ಯುದ್ಧ ಎಂದು ಯಾವ ಬಾಯಿಂದ ಹೇಳುತ್ತೇವೆ? ದೂರವೂ ಅಲ್ಲ. ಕೆಲಸದ ಆಸೆಗೆ ಹೋಗಿ ರಷ್ಯಾದ ಸೇನೆಯಲ್ಲಿ ಸಿಕ್ಕಿಬಿದ್ದ ಕಲಬುರಗಿಯ ಹುಡುಗರು ಜೀವ ಉಳಿಸಿಕೊಂಡು ಮರಳಿದ್ದು 2024ರಲ್ಲಿ.

ಈ ಭಾನುವಾರ ಸಂಜೆ ಐದಕ್ಕೆ ಗೋಪಿ ವೃತ್ತದಲ್ಲಿ ನಿಲ್ಲುತ್ತೇನೆ. ಅಂದು ಜೊತೆಗಿದ್ದ ಇಪ್ಪತ್ತೆರಡು ಜನರ ಹೆಸರೂ ನೆನಪಿದೆ. ಮಧ್ಯಾಹ್ನದಿಂದ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ. ಇಷ್ಟು ಹೊತ್ತಿಗೆ ನಾಲ್ವರು ಬರುತ್ತೇವೆ ಎಂದಿದ್ದಾರೆ.