ಇದು ಪೇಯ್ಡ್ ರಿವ್ಯೂ, ದುಡ್ಡು ಕೊಟ್ಟವನು ನಾನೇ

ಮೊದಲೇ ಹೇಳಿಬಿಡುತ್ತೇನೆ. ನನಗೂ ಒಂದು ಕ್ಯಾಮೆರಾ ಕಂಪನಿಗೂ ಹಣದ ಸಂಬಂಧ ಇದೆ. ಪ್ರತಿ ತಿಂಗಳು 5ನೇ ತಾರೀಕು ನನ್ನ ಖಾತೆಯಿಂದ ಅದರ ಕಂತು ಕಟ್ ಆಗುತ್ತದೆ. ಇನ್ನೂ ಹನ್ನೊಂದು ಕಂತು ಬಾಕಿ. ಅಲ್ಲಿಯವರೆಗೆ ಆ ಕಂಪನಿಯ ಬಗ್ಗೆ ಯಾರು ಏನಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಕಂಪನಿ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಅದೂ ಪುಕ್ಕಟೆ ಪ್ರಚಾರ. ಈಗಾಗಲೇ ಸಾಕಷ್ಟು ಮಾಡಿದ್ದೇನೆ.

ಕೊಳ್ಳುವ ಮುಂಚೆ ನಾನೂ ಎಲ್ಲರ ಹಾಗೆ ರಿವ್ಯೂ ನೋಡಿದೆ. ಸುಮಾರು ಎರಡು ತಿಂಗಳು. ರಾತ್ರಿ ಊಟ ಆದಮೇಲೆ ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಹನ್ನೆರಡೂವರೆ. "ನನ್ನನ್ನ ನೋಡೋಕೆ ಬಂದಾಗ ಇಷ್ಟು ವಿಚಾರಿಸಿದ್ರಾ?" ಅಂತ ಹೆಂಡತಿ ಕೇಳಿದಳು. ಇಲ್ಲ. ಒಂದೇ ಸಲ ಹೋಗಿ, ಉಪ್ಪಿಟ್ಟು ಕೇಸರಿಬಾತ್ ತಿಂದು, ಒಪ್ಪಿಗೆ ಅಂತ ಹೇಳಿ ಬಂದಿದ್ದೆ.

ತಮಾಷೆ ಏನೆಂದರೆ, ಕ್ಯಾಮೆರಾ ಮನೆಗೆ ಬಂದ ಮೇಲೆ ರಿವ್ಯೂ ನೋಡುವುದು ನಿಲ್ಲಬೇಕಿತ್ತು ಅಲ್ವಾ? ಜಾಸ್ತಿ ಆಯಿತು. ಸೀರೆ ತಂದ ಮೇಲೆ ಅಕ್ಕಪಕ್ಕದ ಮನೆಯವರಿಗೆ ಬಿಚ್ಚಿ ತೋರಿಸುತ್ತಾರೆ. ಹೇಗಿದೆ ಅಂತ ತಿಳಿಯೋಕಾ? ಚೆನ್ನಾಗಿದೆ ಅನ್ನಿಸಿಕೊಳ್ಳೋಕೆ. ನಾನೂ ಅದಕ್ಕೇ ಕೂರುತ್ತಿದ್ದೆ. ಹೊಗಳಿದವನ ವಿಡಿಯೊ ಪೂರ್ತಿ ನೋಡುತ್ತಿದ್ದೆ. ತೆಗಳಿದವನದು ಒಂದೂವರೆ ನಿಮಿಷಕ್ಕೆ ಬಂದ್. ಅವನು ದುಡ್ಡು ತಿಂದಿದ್ದಾನೆ ಅಂತ ಖಾತ್ರಿ ಆಗೋಕೆ ಅಷ್ಟು ಸಾಕು.

ಈ ರಿವ್ಯೂಗಳು ತಯಾರಾಗುವ ಅಡುಗೆಮನೆಗೆ ಒಮ್ಮೆ ಇಣುಕಬೇಕು. ಬಿಡುಗಡೆಗೆ ಮುಂಚೆಯೇ ಕಂಪನಿ ಆಯ್ದ ಕೆಲವರಿಗೆ ಕ್ಯಾಮೆರಾ ಕೊಡುತ್ತದೆ. ಇಂಥ ದಿನ, ಇಂಥ ಗಂಟೆಯವರೆಗೆ ಬಾಯಿ ಬಿಡಬಾರದು ಅಂತ ಕರಾರು. ಎಂಬಾರ್ಗೋ ಅಂತ ಅದರ ಹೆಸರು. ಆ ಗಂಟೆ ಹೊಡೆದದ್ದೇ ತಡ, ಟೋಕಿಯೊದಿಂದ ಟೊರಾಂಟೊವರೆಗೆ ಹತ್ತಾರು 'ಸ್ವತಂತ್ರ' ಅಭಿಪ್ರಾಯಗಳು ಒಂದೇ ನಿಮಿಷಕ್ಕೆ ಹುಟ್ಟುತ್ತವೆ. ಮುಹೂರ್ತ ಕೇಳಿ ಸಿಸೇರಿಯನ್ ಮಾಡಿಸಿದ ಹಾಗೆ.

"ಈ ವಿಡಿಯೊಗೆ ಕಂಪನಿ ನನಗೆ ಒಂದು ರೂಪಾಯಿ ಕೊಟ್ಟಿಲ್ಲ" ಅಂತ ರಿವ್ಯೂ ಮಾಡುವವರು ಎದೆ ಮುಟ್ಟಿಕೊಂಡು ಹೇಳುತ್ತಾರೆ. ನಿಜವನ್ನೇ ಹೇಳುತ್ತಾರೆ. ನಮ್ಮ ಮನೆ ಪೂಜೆಗೆ ಬರುವ ಭಟ್ಟರೂ ದಕ್ಷಿಣೆ ಇಷ್ಟೇ ಕೊಡಿ ಅಂತ ಕೇಳಿದವರಲ್ಲ. ತಟ್ಟೆ ಮಾತ್ರ ಸರಿಯಾದ ಜಾಗದಲ್ಲಿ ಇರುತ್ತದೆ. ಇವರ ತಟ್ಟೆ ವಿಡಿಯೊ ಕೆಳಗಿನ ಲಿಂಕ್. ಅದನ್ನು ಒತ್ತಿ ನೀವು ಕೊಂಡರೆ ಅವರಿಗೆ ಕಮಿಷನ್. ಕೊಳ್ಳಬೇಡಿ ಅಂತ ಹೇಳಿದರೆ ಒತ್ತುವವರು ಯಾರು? ಇನ್ನೊಂದು ಚಿಂತೆಯೂ ಇದೆ. ಮುಂದಿನ ಮಾಡೆಲ್ ಬಂದಾಗ ಕರೆಯುವವರ ಪಟ್ಟಿಯಲ್ಲಿ ಹೆಸರು ಇರಬೇಕು. ಬೀಗರ ಮನೆ ಊಟಕ್ಕೆ ಹೋಗಿ ಸಾರಿಗೆ ಉಪ್ಪು ಕಮ್ಮಿ ಅಂದವನನ್ನು ಮುಂದಿನ ಹಬ್ಬಕ್ಕೆ ಕರೆಯುತ್ತಾರಾ?

ಹಾಗಂತ ತಪ್ಪು ಹೇಳುವುದೇ ಇಲ್ಲ ಅಂತಲ್ಲ. ಒಂದು ಹೇಳುತ್ತಾರೆ. ಕೂಸಿಗೆ ಸ್ನಾನ ಮಾಡಿಸಿ, ಪೌಡರ್ ಹಾಕಿ, ಕೊನೆಗೆ ಕೆನ್ನೆಗೆ ಕಪ್ಪು ದೃಷ್ಟಿಬೊಟ್ಟು ಇಡುತ್ತಾರಲ್ಲ, ಹಾಗೆ. ಹದಿನೆಂಟು ನಿಮಿಷ ಹೊಗಳಿಕೆ, ಆಮೇಲೆ "ಬ್ಯಾಟರಿ ಇನ್ನೂ ಸ್ವಲ್ಪ ಬಾಳಿಕೆ ಬಂದಿದ್ದರೆ ಚೆನ್ನಾಗಿತ್ತು". ಬೊಟ್ಟು ಯಾವಾಗಲೂ ಬ್ಯಾಟರಿ ಮೇಲೆ, ಇಲ್ಲವೇ ಮೆನು ಮೇಲೆ. ಕೂಸಿನ ಮೂಗೇ ಸೊಟ್ಟ ಇದ್ದರೂ ಅದರ ಸುದ್ದಿ ಇಲ್ಲ.

2024ರ ಮೇ ತಿಂಗಳಲ್ಲಿ ಪ್ಯಾನಸಾನಿಕ್ ಕಂಪನಿ ಎಸ್9 ಅನ್ನುವ ಫುಲ್ ಫ್ರೇಮ್ ಕ್ಯಾಮೆರಾ, ಅಂದರೆ ದೊಡ್ಡ ಸೆನ್ಸರಿನದು (ಬೆಳಕು ಹಿಡಿಯುವ ಚಿಪ್ಪಿಗೆ ಸೆನ್ಸರ್ ಅಂತಾರೆ), ತಂದಿತು. ಅಮೆರಿಕದಲ್ಲಿ ಬೆಲೆ ಸುಮಾರು 1,500 ಡಾಲರ್. ಅದರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಬೆಳಕಿಗೆ ತೆರೆದು ಮುಚ್ಚುವ ಪರದೆ, ಮೆಕ್ಯಾನಿಕಲ್ ಶಟರ್, ಇಲ್ಲ. ತಲೆ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ ಇದೆ, ಆದರೆ ಅದರಲ್ಲಿ ವಿದ್ಯುತ್ ಸಂಪರ್ಕ ಇಲ್ಲ, ಫ್ಲ್ಯಾಶ್ ಹೊಡೆಯುವುದಿಲ್ಲ. ಅಂದರೆ ಬಾಗಿಲಿಗೆ ಕಾಲಿಂಗ್ ಬೆಲ್ ಇದೆ, ವೈರ್ ಎಳೆದಿಲ್ಲ. ಕಂಪನಿ ಒಂದಷ್ಟು ಜನ ವಿಡಿಯೊ ಮಾಡುವವರನ್ನು ಬಿಡುಗಡೆಗೆ ಅಂತ ಜಪಾನಿಗೆ ಕರೆದುಕೊಂಡು ಹೋಯಿತು. ವಿಮಾನ, ವಸತಿ, ಊಟ ಎಲ್ಲ ಸೇರಿ. ಅಲ್ಲಿಂದ ಬಂದ ವಿಡಿಯೊಗಳಲ್ಲಿ ಬೀದಿದೀಪದ ಚಂದ, ದೇವಸ್ಥಾನದ ಚಂದ, ನೂಡಲ್ಸಿನ ಹಬೆಯ ಚಂದ. ನೋಡಿದವರು ಗೊಂದಲಕ್ಕೆ ಬಿದ್ದರು. ಇದು ಕ್ಯಾಮೆರಾ ರಿವ್ಯೂ ಆ, ಜಪಾನ್ ರಿವ್ಯೂ ಆ? ಎರಡು ವಾರಕ್ಕೇ ದೊಡ್ಡ ಗಲಾಟೆ ಆಯಿತು. ಅದರ ಜೊತೆಗೇ ಇನ್ನೊಂದು ಬಯಲಾಯಿತು. ಕಂಪನಿಯ ಜಪಾನ್ ಜಾಲತಾಣದಲ್ಲಿ ಈ ಕ್ಯಾಮೆರಾದ ಪುಟದಲ್ಲಿ ಹಾಕಿದ್ದ ಕೆಲವು ಫೋಟೋಗಳು ಈ ಕ್ಯಾಮೆರಾದವೇ ಅಲ್ಲ. ದುಡ್ಡು ಕೊಟ್ಟು ತಂದ ಸ್ಟಾಕ್ ಫೋಟೋಗಳು, ಬೇರೆ ಕಂಪನಿ ಕ್ಯಾಮೆರಾದಲ್ಲಿ ತೆಗೆದವೂ ಅದರಲ್ಲಿ ಇದ್ದವು. ಕಂಪನಿ ಕ್ಷಮೆ ಕೇಳಿತು.

ಪಾಪ, ಅವರೊಬ್ಬರೇ ಅಲ್ಲ. 2012ರಲ್ಲಿ ನೋಕಿಯಾ ತನ್ನ ಲೂಮಿಯಾ 920 ಫೋನಿನ ವಿಡಿಯೊ ಅಲುಗಾಡುವುದಿಲ್ಲ ಅಂತ ಜಾಹೀರಾತು ಮಾಡಿತು. ಸೈಕಲ್ ಮೇಲೆ ಹುಡುಗಿ, ಪಕ್ಕದಲ್ಲಿ ಫೋನ್ ಹಿಡಿದ ಹುಡುಗ. ಹಿಂದೆ ಹಾದುಹೋದ ಕಿಟಕಿ ಗಾಜಿನಲ್ಲಿ ನೋಡಿದರೆ ಒಂದು ವ್ಯಾನು, ಅದರೊಳಗೆ ದೊಡ್ಡ ಕ್ಯಾಮೆರಾ! 2016ರಲ್ಲಿ ಹುವಾವೆ ತನ್ನ ಪಿ9 ಫೋನಿನ ಹೆಸರು ಹೇಳಿ ಒಂದು ಸೊಗಸಾದ ಫೋಟೋ ಹಾಕಿತು. ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ಫೋಟೋದ ಒಳಗೆ ಅಡಗಿರುವ ಜಾತಕದಲ್ಲಿ ಕ್ಯಾನನ್ ಕಂಪನಿಯ 5ಡಿ ಮಾರ್ಕ್ 3 ಅಂತ ಸ್ಪಷ್ಟವಾಗಿ ಬರೆದಿತ್ತು. ಅಳಿಸುವುದನ್ನು ಮರೆತಿದ್ದರು. ಇದನ್ನೆಲ್ಲ ಮೋಸ ಅಂತ ಕರೆಯಲು ನನಗೆ ಮನಸ್ಸಿಲ್ಲ. ಎದುರಾಳಿಯ ಸರಕು ಒಳ್ಳೆಯದು ಅಂತ ಇಷ್ಟು ಖರ್ಚು ಮಾಡಿ ಒಪ್ಪಿಕೊಂಡವರು ಬೇರೆ ಯಾರಿದ್ದಾರೆ?

ಗೂಗಲ್ ಈ ವಿಷಯದಲ್ಲಿ ಮುಚ್ಚುಮರೆ ಮಾಡಲಿಲ್ಲ. 2024ರ ಆಗಸ್ಟಿನಲ್ಲಿ, ತನ್ನ ಪಿಕ್ಸೆಲ್ ಫೋನಿನ ಪ್ರಚಾರಕ್ಕೆ ಕಟ್ಟಿದ ಟೀಮ್ ಪಿಕ್ಸೆಲ್ ಅನ್ನುವ ಬಳಗಕ್ಕೆ ಸೇರುವವರ ಮುಂದೆ ಒಂದು ಷರತ್ತು ಬಂತು. ಬೇರೆ ಫೋನಿನ ಜಾಗದಲ್ಲಿ ಪಿಕ್ಸೆಲ್ಲನ್ನೇ ತೋರಿಸಬೇಕು, ಬೇರೆ ಕಂಪನಿಯದನ್ನು ಮೆಚ್ಚಿಕೊಂಡಂತೆ ಕಂಡರೆ ಸಂಬಂಧ ಮುರಿಯಬಹುದು ಅಂತ. ಪಾತಿವ್ರತ್ಯದ ಕರಾರು! ಜನ ನಕ್ಕ ಮೇಲೆ, ಅದು ತಪ್ಪಾಯಿತು ಅಂತ ಗೂಗಲ್ ಆ ಸಾಲು ತೆಗೆಯಿತು. ತೆಗೆದದ್ದು ಸಾಲನ್ನು. ಅದನ್ನು ಬರೆಯುವ ಮುಂಚೆಯೂ ಎಲ್ಲರಿಗೂ ಅದು ಬಾಯಿಪಾಠ ಇತ್ತು.

ನಮ್ಮ ದೇಶದಲ್ಲಿ ಇದಕ್ಕೆಲ್ಲ ಕಾನೂನು ಇದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇಂಥ ವಿಡಿಯೊ ಮಾಡುವ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂದಿತು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಇನ್ನೊಂದು ಮಾರ್ಗಸೂಚಿ ಕೊಟ್ಟಿತು. ಹಣ ಪಡೆದಿದ್ದರೆ ಹೇಳಬೇಕು. ಪುಕ್ಕಟೆ ವಸ್ತು, ರಿಯಾಯಿತಿ, ಉಡುಗೊರೆ, ಪ್ರವಾಸ, ಹೋಟೆಲ್ ವಾಸ, ಏನೇ ಪಡೆದಿದ್ದರೂ ಹೇಳಬೇಕು. ಕಂಪನಿಯಲ್ಲಿ ನೆಂಟರು ಇದ್ದರೂ ಹೇಳಬೇಕು. ದಾರಿ ತಪ್ಪಿಸಿದರೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಒಳ್ಳೆಯ ಪಟ್ಟಿ. ವಿಡಿಯೊದ ಮೂಲೆಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ 'ಪ್ರಾಯೋಜಿತ' ಅಂತ ಬಂದು ಮೂರು ಸೆಕೆಂಡಿಗೆ ಹೋಗುತ್ತದಲ್ಲ, ಆ ಪುಣ್ಯ ಇದರದ್ದೇ.

ಆದರೆ ಪಟ್ಟಿಯಲ್ಲಿ ನಾನು ಇಲ್ಲ. ದುಡ್ಡು ತಗೊಂಡು ಹೊಗಳುವವನಿಗೆ ನಿಯಮ ಇದೆ. ದುಡ್ಡು ಕೊಟ್ಟು ಹೊಗಳುವವನಿಗೆ? ಪ್ರವಾಸ ಇಲ್ಲ, ಹೋಟೆಲ್ ಇಲ್ಲ, ಕಮಿಷನ್ ಇಲ್ಲ, ಮೇಲೆ ಬಡ್ಡಿ ಬೇರೆ. ಆದರೂ ಮದುವೆ ಮನೆ, ಬಸ್ ಸ್ಟ್ಯಾಂಡ್, ಕ್ಷೌರದ ಅಂಗಡಿ, ಎಲ್ಲ ಕಡೆ ಕಂಪನಿ ಪರ ವಾದ ಮಾಡುತ್ತೇನೆ. ವಾದದ ಮೊದಲು ನನ್ನ ಹಣೆ ಮೇಲೆ 'ಇವನಿಗೆ ಇನ್ನೂ ಹನ್ನೊಂದು ಕಂತು ಇದೆ' ಅಂತ ಬರಬೇಕಲ್ವಾ? ಗ್ರಾಹಕರ ಹಿತ ಇರುವುದು ಅಲ್ಲಿ.

ನನ್ನ ಎದುರಾಳಿ ಭಾವಮೈದ. ಅವನದು ಬೇರೆ ಕಂಪನಿ, ಒಂಬತ್ತು ಕಂತು ಬಾಕಿ. ಹಬ್ಬಕ್ಕೆ ಬಂದರೆ ಹೋಳಿಗೆ ಬಡಿಸುವಾಗಲೇ ಶುರು.

"ಭಾವ, ನಿಮ್ಮದರಲ್ಲಿ ಚರ್ಮದ ಬಣ್ಣ ಸ್ವಲ್ಪ ಹಳದಿ ಹೊಡೆಯುತ್ತೆ."

"ನಿಮ್ಮ ಅಕ್ಕ ಅರಿಶಿನ ಹಚ್ಚಿಕೊಂಡಿದ್ದಳು ಮಾರಾಯ."

ಇವನಿಗೆ ಲೆನ್ಸ್ ಎರವಲು ಕೊಡೋಣ ಅಂದರೆ ಅದೂ ಆಗುವುದಿಲ್ಲ. ಕ್ಯಾಮೆರಾಗೆ ಲೆನ್ಸ್ ಕೂರಿಸುವ ಬಳೆಗೆ ಮೌಂಟ್ ಅಂತಾರೆ. ಅದು ಗೋತ್ರ ಇದ್ದ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಸಗೋತ್ರದಲ್ಲೇ ಮದುವೆ ಆಗಬೇಕು. ಅಡ್ಡ ಹಾಕಿ ಜೋಡಿಸುವ ಅಡಾಪ್ಟರ್ ಸಿಗುತ್ತದೆ, ಆದರೆ ಆಮೇಲೆ ಸಂಸಾರ ಸಲೀಸಾಗಿ ನಡೆಯುತ್ತದೆ ಅಂತ ಹೇಳೋಕೆ ಬರುವುದಿಲ್ಲ. ಒಂದು ಲೆನ್ಸ್ ಕೊಂಡಿರೋ, ಮನೆ ಅಳಿಯನಾದಿರಿ. ಮೂರು ಕೊಂಡರೆ ಮುಗಿಯಿತು, ಬಿಟ್ಟು ಬರುವಂತಿಲ್ಲ. ಅದಕ್ಕೆ ನಿಷ್ಠೆ ಅಂತ ನಾವೇ ಹೆಸರು ಇಟ್ಟುಕೊಂಡಿದ್ದೇವೆ.

ಕಂಪನಿಗಳಿಗೆ ಈ ಕಟ್ಟುಪಾಡು ಇಲ್ಲ. ಕ್ಯಾನನ್ 1987ರಲ್ಲಿ ತನ್ನ ಹಳೆಯ ಎಫ್‌ಡಿ ಮೌಂಟ್ ಕೈಬಿಟ್ಟು ಇಎಫ್ ತಂದಿತು. ಹಳೆಯ ಲೆನ್ಸ್ ಇಟ್ಟುಕೊಂಡವರು ಬಾಯಿ ಬಾಯಿ ಬಡಿದುಕೊಂಡರು. 2018ರಲ್ಲಿ ಆರ್‌ಎಫ್ ಅಂತ ಇನ್ನೊಂದು. ನಿಕಾನ್ 1959ರಲ್ಲಿ ತಂದ ಎಫ್ ಮೌಂಟನ್ನು ಆರು ದಶಕ ಸಾಕಿತು, ಆಮೇಲೆ ಅದೂ 2018ರಲ್ಲೇ ಝಡ್ ಅಂದಿತು. ಮಿನೋಲ್ಟಾ ಭಕ್ತರ ಕತೆ ಇನ್ನೂ ಚೆನ್ನಾಗಿದೆ. 2006ರಲ್ಲಿ ಆ ಕಂಪನಿ ಕ್ಯಾಮೆರಾ ವ್ಯವಹಾರವನ್ನೇ ಬಿಟ್ಟು ಲೆನ್ಸ್ ಬದಲಿಸುವ ಎಸ್‌ಎಲ್‌ಆರ್ ಕ್ಯಾಮೆರಾಗಳ ವಿಭಾಗವನ್ನು ಸೋನಿಗೆ ಒಪ್ಪಿಸಿತು. ರಾತ್ರಿ ಮಿನೋಲ್ಟಾ ಅಂತ ಮಲಗಿದವರು ಬೆಳಿಗ್ಗೆ ಸೋನಿ ಅಂತ ಎದ್ದರು. ಕುಲದೇವರು ಮನೆ ಮಾರಿಕೊಂಡು ಹೋದರೂ ಭಕ್ತ ಜಾಗ ಬಿಡಲಿಲ್ಲ. ಇನ್ನು ನಿಕಾನ್ ಮತ್ತು ಸೋನಿ ಪಂಗಡಗಳು ಕಚ್ಚಾಡುವುದು ನೋಡಿದರೆ ನಗು ಬರುತ್ತದೆ. ನಿಕಾನಿನ ಎಷ್ಟೋ ಕ್ಯಾಮೆರಾಗಳ ಸೆನ್ಸರ್ ತಯಾರಿಸಿದ್ದು ಸೋನಿಯೇ. ಪಂಕ್ತಿ ಬೇರೆ, ಅಡುಗೆಭಟ್ಟ ಒಬ್ಬನೇ.

ಕಬಿನಿ ಸಫಾರಿಯಲ್ಲಿ ಈ ಜಗಳಕ್ಕೆ ಒಂದು ಸರ್ಕಾರಿ ಪರಿಹಾರ ಇದೆ. ಕಂಪನಿ ಯಾವುದು ಅಂತ ಅಲ್ಲಿ ಕೇಳುವುದಿಲ್ಲ. ಲೆನ್ಸ್ ಎಷ್ಟು ಉದ್ದ ಅಂತ ನೋಡಿ ಶುಲ್ಕ ಹಾಕುತ್ತಾರೆ. ಮನುಷ್ಯನ ಜಂಬವನ್ನು ಮಿಲಿಮೀಟರಿನಲ್ಲಿ ಅಳೆದು ರಸೀದಿ ಕೊಡುವ ಇಂಥ ಏರ್ಪಾಡು ಬೇರೆ ಎಲ್ಲೂ ಕಾಣೆ.

ನನ್ನದು 45 ಮೆಗಾಪಿಕ್ಸೆಲ್, ಅಂದರೆ ಒಂದು ಫೋಟೋಗೆ ನಾಲ್ಕೂವರೆ ಕೋಟಿ ಚುಕ್ಕಿ. ಸುಮ್ನೆ ಒಂದು ಲೆಕ್ಕ ಹೇಳುತ್ತೇನೆ. ಆಲ್ಬಮ್ಮಿನಲ್ಲಿ ಅಂಟಿಸುವ ನಾಲ್ಕು ಇಂಚು ಆರು ಇಂಚಿನ ಫೋಟೋಗೆ, ಇಂಚಿಗೆ 300 ಚುಕ್ಕಿ ಇಟ್ಟರೂ 1,200 ಗುಣಿಸು 1,800. ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಉಳಿದ ನಲವತ್ತಮೂರರ ಕಂತನ್ನು ನಾನು ಯಾತಕ್ಕೆ ಕಟ್ಟುತ್ತಿದ್ದೇನೆ ಅಂತ ಭಾವಮೈದನಿಗೆ ಗೊತ್ತಾಗಬಾರದು. ತೇಜಸ್ವಿಯವರು ಮೂಡಿಗೆರೆ ಮಳೆಯಲ್ಲೇ ಕೂತು ಹಕ್ಕಿಗಳ ಫೋಟೋ ತೆಗೆದವರು. ಹಕ್ಕಿಯ ಕಣ್ಣು ಹುಡುಕಿಕೊಡುವ ಆಟೋಫೋಕಸ್ ಅವರಿಗೆ ಇರಲಿಲ್ಲ, ತಾವೇ ಹುಡುಕುತ್ತಿದ್ದರು. ನನ್ನ ಕ್ಯಾಮೆರಾ ಹಕ್ಕಿಯ ಕಣ್ಣು ತಾನೇ ಹುಡುಕುತ್ತದೆ. ಹಕ್ಕಿಯ ಹತ್ತಿರ ಹೋಗಬೇಕಾದವನು ಮಾತ್ರ ಸೋಫಾ ಮೇಲೆ ಇದ್ದಾನೆ.

ಮಳೆ ಅಂದಾಗ ನೆನಪಾಯಿತು. ನಮ್ಮದು ಮಲೆನಾಡು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ನಾನು ನೋಡಿದ ಅಷ್ಟೂ ರಿವ್ಯೂಗಳಲ್ಲಿ ಮರಳುಗಾಡಿನ ಧೂಳು ಪರೀಕ್ಷೆ ಇತ್ತು, ಹಿಮದ ಪರೀಕ್ಷೆ ಇತ್ತು. ಬಚ್ಚಲ ಪಕ್ಕದ ಕೋಣೆಯ ಗೋಡೆ ಬೀರುವಿನ ಪರೀಕ್ಷೆ ಯಾರೂ ಮಾಡಿರಲಿಲ್ಲ. ಆಗಸ್ಟಿನಲ್ಲಿ ಬ್ಯಾಗ್ ತೆಗೆದು ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಫಂಗಸ್. ಪೇಟೆಯ ಸ್ಟುಡಿಯೋದವರ ಹತ್ತಿರ ಓಡಿದೆ. ಅಲ್ಲಿ ಮೇಜಿನ ಮೇಲೆ ಆಗಲೇ ಐದು ಲೆನ್ಸ್ ಬಿಚ್ಚಿ ಇಟ್ಟಿದ್ದವು. ಅದರಲ್ಲಿ ಒಂದು ಭಾವಮೈದನದು! ನಾಲ್ಕು ಕಂಪನಿ, ಒಂದೇ ಬೂಷ್ಟು. ಯಾರ ಪ್ರವಾಸವನ್ನೂ ಒಪ್ಪದೆ, ಯಾವ ಎಂಬಾರ್ಗೋಗೂ ಸಹಿ ಹಾಕದೆ ರಿವ್ಯೂ ಮಾಡಿದ್ದು ಅದೊಂದೇ.

ಸ್ಟುಡಿಯೋದವರು ಲೆನ್ಸ್ ಒರೆಸಿದ ಮೇಲೆ, ಸರಿ ಹೋಯಿತಾ ನೋಡೋಣ ಅಂತ ನನ್ನ ಕಾರ್ಡ್ ಹಾಕಿ ಹಳೆಯ ಫೋಟೋ ತೆರೆದರು. ಇಟ್ಟಿಗೆ ಗೋಡೆ. ಇನ್ನೊಂದು ಇಟ್ಟಿಗೆ ಗೋಡೆ. ಅದೇ ಗೋಡೆ, ಎಡ ಮೂಲೆ. ಗೋಡೆಗೆ ನೇತು ಹಾಕಿದ ಕ್ಯಾಲೆಂಡರ್. ಕ್ಯಾಲೆಂಡರಿನ ಅಕ್ಷರ, ಹತ್ತಿರದಿಂದ. ಅವರು ಒಂದು ನಿಮಿಷ ಸುಮ್ಮನಿದ್ದು, "ಸರ್, ಮನೆ ಕಟ್ಟಿಸ್ತಾ ಇದೀರಾ?" ಅಂದರು.

ಲೆನ್ಸ್ ಮೂಲೆಯಲ್ಲೂ ಎಷ್ಟು ಶಾರ್ಪ್ ಇದೆ ಅಂತ ನೋಡಿದ್ದು ಅಂತ ಹೇಳಲು ಬಾಯಿ ಬರಲಿಲ್ಲ. ಹೂಂ ಅಂದೆ.

ಇನ್ನು ಮೇಲೆ ಖಾಲಿ ಅಕ್ಕಿ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಗಟ್ಟಿಯಾಗಿ ಮುಚ್ಚಿಡಿ, ಸಾಕು ಅಂದರು. ಖರ್ಚು ಇಲ್ಲದ ಸಲಹೆ, ಮನಸ್ಸಿಗೆ ಒಗ್ಗಲಿಲ್ಲ. ರಾತ್ರಿ ಕೂತು ಕರೆಂಟಿನಲ್ಲಿ ನಡೆಯುವ, ಒಳಗೆ ತೇವ ನಿಲ್ಲದ ಡ್ರೈ ಕ್ಯಾಬಿನೆಟ್ ಬೀರುಗಳ ರಿವ್ಯೂಗಳನ್ನು ನೋಡಿದೆ. ಹನ್ನೆರಡೂವರೆ ಆಯಿತು. ಒಂದನ್ನು ಆರಿಸಿ ಭಾವಮೈದನಿಗೆ ಫೋನ್ ಮಾಡಿದೆ.

"ಅಯ್ಯೋ ಭಾವ, ಆ ಕಂಪನಿದಾ?" ಅಂದ. "ಅದರ ಬಾಗಿಲಿನ ರಬ್ಬರ್ ಸರಿ ಇಲ್ಲ. ನಾನು ನಿನ್ನೆನೇ ಬೇರೆದು ಬುಕ್ ಮಾಡಿದೆ."

ನನಗೆ ಮೈ ಉರಿಯಿತು. ಅವನು ದುಡ್ಡು ತಿಂದಿರಬೇಕು. ಕ್ಯಾಬಿನೆಟ್ಟಿಗೆ ಆರು ಕಂತು.