ಅವರೆ ಹಿತಕುವಾಗ ಶಾಂತವಾಗಿರಿ

"150 ಬೈ 96" ಎಂದರು ಡಾಕ್ಟರು, ತೋಳಿಗೆ ಸುತ್ತಿದ ಪಟ್ಟಿಯನ್ನು ಬಿಚ್ಚುತ್ತಾ. ಆಮೇಲೆ ಒಂದೇ ಉಸಿರಿನಲ್ಲಿ, "ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು, ಹೊರಗಿನ ತಿಂಡಿ ಬೇಡ, ಮನೆ ಅಡುಗೆ ಊಟ ಮಾಡಿ, ಶಾಂತವಾಗಿರಿ" ಎಂದು ಹೇಳಿ ಗಂಟೆ ಒತ್ತಿದರು. ನಾನು ಅಂಗಿಯ ತೋಳು ಇಳಿಸುವಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿ, ಎರಡೇ ನಿಮಿಷದಲ್ಲಿ ಎಬ್ಬಿಸಿ, ಕೊನೆಗೆ ಶಾಂತವಾಗಿರಿ ಎನ್ನುವುದು! ಹಾಗೆ ಹೇಳಿಸಿಕೊಂಡು ಶಾಂತರಾದ ಒಬ್ಬ ಮನುಷ್ಯನನ್ನೂ ನಾನು ಈ 62 ವರ್ಷಗಳಲ್ಲಿ ಕಂಡಿಲ್ಲ.

ಮನೆ ಅಡುಗೆ ಎಂದರೆ ಸದ್ಯಕ್ಕೆ ನನ್ನ ಅಡುಗೆ. ಮನೆಯಾಕೆ ಮಗಳ ಬಾಣಂತನಕ್ಕೆ ಹೋಗಿ ಒಂದು ತಿಂಗಳಾಯಿತು. ಕುವೆಂಪುನಗರದ ಈ ಮನೆಯಲ್ಲಿ ನಾನು, ಕುಕ್ಕರು ಮತ್ತು ಆಗಾಗ ಬಂದು ಹೋಗುವ ಷಡ್ಡಕರು. ಷಡ್ಡಕರು ಎಲ್ಲಿಯೋ ಹತ್ತು ದಿನದ ಶಿಬಿರ ಮುಗಿಸಿ ಬಂದ ಮೇಲೆ ಏನನ್ನು ಕಂಡರೂ ಧ್ಯಾನ ಎನ್ನತೊಡಗಿದ್ದಾರೆ. ಪಾತ್ರೆ ತೊಳೆಯುವುದು ಧ್ಯಾನ, ಬಟ್ಟೆ ಮಡಚುವುದು ಧ್ಯಾನ. ಅವರ ಮನೆಯಲ್ಲಿ ಈ ಎರಡು ಧ್ಯಾನಗಳನ್ನೂ ನನ್ನ ನಾದಿನಿಯೇ ಮಾಡುತ್ತಾಳೆ.

ಮೊನ್ನೆ ನಂಜುಮಳಿಗೆಯಿಂದ ಎರಡು ಕಿಲೋ ಅವರೆಕಾಯಿ ಹಿಡಿದು ಬಂದರು. ನನ್ನ ರಕ್ತದೊತ್ತಡದ ಸುದ್ದಿ ಅವರಿಗೆ ಮುಟ್ಟಿತ್ತು. "ನೆನೆಹಾಕಿ ಹಿತಕುತ್ತಾ ಕೂತುಕೊಳ್ಳಿ, ಒಂದೊಂದು ಕಾಳಿಗೂ ಒಂದೊಂದು ಉಸಿರು. ಜಪಮಾಲೆ ಎಣಿಸಿದ ಹಾಗೆ" ಎಂದರು. ಹಾಗೆಂದವರು ಸೋಫಾದ ಮೇಲೆ ಚಕ್ಕಂಬಕ್ಕಳ ಹಾಕಿ ಕಣ್ಣು ಮುಚ್ಚಿದರು. ಕಾಯಿ ಬಿಡಿಸಿದವನು ನಾನು. ಹುಳ ಆರಿಸಿದವನೂ ನಾನು.

ಅವರೆ ಹಿತಕುವವರ ಬಳಿ ಕೂತು ಒಂದು ದಿನವಾದರೂ ನೋಡಿದ್ದರೆ ಅವರು ಜಪಮಾಲೆಯ ಮಾತು ಎತ್ತುತ್ತಿರಲಿಲ್ಲ. ನಮ್ಮ ಅಜ್ಜಿಯ ಮನೆ ಮದ್ದೂರಿನ ಕಡೆಯ ಹಳ್ಳಿ. ಸಂಕ್ರಾಂತಿಯ ಹಿಂದಿನ ದಿನ ನಡುಮನೆಯಲ್ಲಿ ಹಿತ್ತಾಳೆ ತಪ್ಪಲೆಯ ತುಂಬ ನೆನೆದ ಕಾಳು, ಸುತ್ತ ಏಳೆಂಟು ಹೆಂಗಸರು. ವರ್ಷವೆಲ್ಲ ಹೊಟ್ಟೆಯಲ್ಲಿಟ್ಟುಕೊಂಡದ್ದು ಹೊರಗೆ ಬರುತ್ತಿದ್ದುದು ಅಲ್ಲಿಯೇ. ಕೈಗೆ ಕೆಲಸವಿದೆ, ಕಣ್ಣು ಕಾಳಿನ ಮೇಲಿದೆ. ಎದುರಿಗಿದ್ದವರ ಮುಖ ನೋಡದೆ ಎಂಥ ಮಾತನ್ನಾದರೂ ಆಡಬಹುದು. ನನಗೆ ಎಂಟು ವರ್ಷವಿದ್ದಾಗ ದೊಡ್ಡತ್ತೆ ಹಾಗೆಯೇ ತಲೆ ಎತ್ತದೆ, "ಪಾಲಾದರೆ ಒರಳುಕಲ್ಲು ನಮಗೆ ಬರಬೇಕು, ನಾನು ಈ ಮನೆಗೆ ಬಂದಾಗಿನಿಂದ ರುಬ್ಬಿದ್ದೇನೆ" ಎಂದರು. ಪಾಲಿನ ಮಾತನ್ನು ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಚಿಕ್ಕತ್ತೆ ಒಂದು ಕಾಳು ಹಿತಕಿದರು, ಇನ್ನೊಂದು ಹಿತಕಿದರು. "ರುಬ್ಬಿದವರಿಗೆ ಒರಳಾದರೆ, ನೀರು ಸೇದಿದವರಿಗೆ ಬಾವಿ ಬರುತ್ತದೇನೋ" ಎಂದರು. ತಪ್ಪಲೆಯ ಸುತ್ತ ಕೈಗಳ ವೇಗ ಹೆಚ್ಚಿತು.

ನೆನೆದ ಅವರೆಯ ಗುಣ ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹದವಾಗಿ ಒತ್ತಿದರೆ ಬೇಳೆ ಪುಳಕ್ಕನೆ ಅಂಗೈಗೆ ಬರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಸಿಟ್ಟಿನಲ್ಲಿ ಒತ್ತಿದರೆ ಅದಕ್ಕೆ ದಿಕ್ಕುದೆಸೆ ಇರುವುದಿಲ್ಲ. ದೊಡ್ಡಮಾವ ಜಗಲಿಯ ಕಂಬಕ್ಕೆ ಕನ್ನಡಿ ತೂಗುಹಾಕಿಕೊಂಡು ಹಬ್ಬಕ್ಕೆಂದು ಮುಖಕ್ಷೌರ ಮಾಡಿಕೊಳ್ಳುತ್ತಿದ್ದರು. ಬಾಗಿಲು ದಾಟಿ ಹಾರಿದ ಒಂದು ಬೇಳೆ ಅವರ ಕಿವಿಯ ಹಿಂದೆ ಬಡಿಯಿತು. ಕೈ ಅಲುಗಿತು, ಕೆನ್ನೆ ಕುಯ್ದಿತು. ಅರ್ಧ ಮುಖಕ್ಕೆ ನೊರೆ, ಅರ್ಧ ಮುಖಕ್ಕೆ ರಕ್ತ, ಹಾಗೆಯೇ ಒಳಗೆ ಬಂದು ನಿಂತು, "ಯಾರು ಹೊಡೆದದ್ದು?" ಎಂದರು. ಹೊಡೆದದ್ದು ಎಂಬ ಆ ಒಂದು ಪದವೇ ಸಾಕಾಯಿತು. ಆ ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಿದ್ದೂ ಎರಡು ತಟ್ಟೆಯಲ್ಲಿ. ಯುಗಾದಿಯ ಹೊತ್ತಿಗೆ ಮನೆಯಲ್ಲಿ ಎರಡು ಒಲೆ. ಒರಳುಕಲ್ಲನ್ನು ಮಾತ್ರ ಇಬ್ಬರೂ ಹಟಕ್ಕೆ ಬಿದ್ದು ಬೇಡವೆಂದರು. ಅದು ಹಿತ್ತಲಲ್ಲಿ ಮಳೆನೀರು ತುಂಬಿಕೊಂಡು ಕಾಗೆಗಳಿಗೆ ಸ್ನಾನದ ಮನೆಯಾಯಿತು. ಕಾಲ ಬಂದಾಗ ಅತ್ತೆಯರಿಬ್ಬರೂ ಮಿಕ್ಸಿ ಕೊಂಡರು. ಒಂದೇ ಕಂಪನಿಯದು.

ಆ ಬೇಳೆ ಯಾರ ಕೈಯಿಂದ ಚಿಮ್ಮಿತು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಮದುವೆ, ತಿಥಿ ಎಲ್ಲಿ ನಾಲ್ಕು ಜನ ಸೇರಿದರೂ ಮಾತು ಬರುತ್ತದೆ. ಚಿಕ್ಕತ್ತೆಯ ಕಡೆಯವರು ದೊಡ್ಡತ್ತೆ ಎನ್ನುತ್ತಾರೆ, ಅವರು ಇವರೆನ್ನುತ್ತಾರೆ. ತಪ್ಪಲೆಯ ಸುತ್ತ ಒಬ್ಬ ಎಂಟು ವರ್ಷದ ಹುಡುಗನೂ ಕುಳಿತಿದ್ದ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಾನೂ ನೆನಪಿಸಲು ಹೋಗಿಲ್ಲ.

ಶಾಂತಿ ಎಂಬುದೇನಾದರೂ ಇದ್ದರೆ ಅದು ಅವರೆ ಗಿಡಕ್ಕೆ ಇತ್ತು ಎಂದು ನನಗೆ ಅನ್ನಿಸುವುದುಂಟು. ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿ ಮಳೆಗಾಲದಲ್ಲೇ ಹುಟ್ಟಿ, ಹಗಲು ಮೊಟಕಾಗುವವರೆಗೂ ಹೂವಿನ ಮಾತೆತ್ತದೆ ಕಾಯುತ್ತಿದ್ದ ಗಿಡ ಅದು. ಹಿಮ ಬಿದ್ದ ಮೇಲೆ ಕಾಯಿಗೆ ಸೊಗಡು ಏರುತ್ತಿತ್ತು. ಈಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ಬಂದು, ಹಗಲು ಉದ್ದವೋ ಗಿಡ್ಡವೋ ಕೇಳದೆ ಯಾವ ಕಾಲದಲ್ಲಾದರೂ ಕಾಯಿ ಬಿಡುತ್ತದೆ. ರೈತನಿಗೆ ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಅವರೆ ಮಾರುವವರನ್ನು ಕಂಡರೆ ನನಗೆ ಕಾರಣವಿಲ್ಲದೆ ಸಿಡುಕು ಬರುತ್ತದೆ. ಹಿತಕಿದ ಬೇಳೆಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾರುವವರನ್ನು ಕಂಡರೆ ಇನ್ನೂ ಹೆಚ್ಚು. ಡಾಕ್ಟರಿಗೆ ಇದನ್ನೆಲ್ಲ ಹೇಳೋಣವೆಂದರೆ ಎರಡು ನಿಮಿಷ ಸಾಲುವುದಿಲ್ಲ.

ಅಂತೂ ಹಿತಕಿದೆ. ಎರಡು ಕಿಲೋ ಕಾಯಿಯ ಗುಡ್ಡ ಕರಗಿ ಕರಗಿ ಕೊನೆಗೆ ಒಂದು ಬೋಗುಣಿಯ ತಳ ಮುಚ್ಚುವಷ್ಟು ಬೇಳೆ. ಉಸಿರು ಎಣಿಸಲು ಹೋಗಿ ಹದಿನಾರಕ್ಕೇ ಲೆಕ್ಕ ತಪ್ಪಿ, ಆಮೇಲೆ ಪಿಂಚಣಿ ಕಚೇರಿಯವರ ಮೇಲೆ ಮನಸ್ಸಿನಲ್ಲೇ ಒಂದು ಉದ್ದನೆಯ ಅರ್ಜಿ ಬರೆದೆ. ಈರುಳ್ಳಿ, ಕೊಬ್ಬರಿ, ಗಸಗಸೆ, ಚಕ್ಕೆ ಲವಂಗ ಹುರಿದು ರುಬ್ಬಿ ಸಾರಿಗಿಟ್ಟೆ. ಉಪ್ಪನ್ನು ಚಮಚದಲ್ಲಿ ಅಳೆದು, ಮಟ್ಟ ಮಾಡಿ, ಅದರಲ್ಲೂ ಅರ್ಧ ವಾಪಸು ಡಬ್ಬಿಗೆ ಸುರಿದೆ. ಮುದ್ದೆ ಕಟ್ಟಿದೆ.

ಷಡ್ಡಕರು ಸರಿಯಾಗಿ ಒಗ್ಗರಣೆಯ ಹೊತ್ತಿಗೆ ಸಮಾಧಿಯಿಂದ ಎದ್ದರು. ಮೊದಲ ತುತ್ತು ಅದ್ದಿ ನುಂಗಿ, ಸ್ವಲ್ಪ ಹೊತ್ತು ಗೋಡೆ ನೋಡಿ, "ಉಪ್ಪಿನ ಡಬ್ಬಿ ಎಲ್ಲಿದೆ?" ಎಂದು ಕೇಳಿದರು. ಉಪ್ಪಿಲ್ಲದ್ದನ್ನು ಉಪ್ಪಿಲ್ಲದ್ದೆಂದೇ ಅರಿತು ಉಣ್ಣುವುದೂ ಒಂದು ಧ್ಯಾನವಲ್ಲವೇ ಎಂದೆ. ಅವರು ನಗಲಿಲ್ಲ. ಎರಡನೆಯ ಮುದ್ದೆ ಕೇಳಿದರು, ಡಬ್ಬಿಯನ್ನೂ ಕೇಳಿದರು. ಡಬ್ಬಿ ಅವರ ತಟ್ಟೆಯ ಪಕ್ಕಕ್ಕೆ ಬಂದ ಮೇಲೆ ನಾನೂ ಒಂದು ಚಿಟಿಕೆ ತೆಗೆದುಕೊಂಡೆ. ಎರಡಿರಬಹುದು.

ರಾತ್ರಿ ಮನೆಯಾಕೆಯ ಫೋನು ಬಂತು. ಒತ್ತಡ ಎಷ್ಟಿದೆ ಎಂದು ಕೇಳುತ್ತಾಳೆಂದುಕೊಂಡರೆ, "ಸಿಪ್ಪೆ ಬೀದಿಗೆ ಚೆಲ್ಲಬೇಡಿ, ಹಸುವಿಗೆ ಇಡಿ" ಎಂದಳು. ಬುಟ್ಟಿ ಹಿಡಿದು ಗೇಟಿನ ಬಳಿ ನಿಂತೆ. ದಿನವೂ ಒಂಬತ್ತಕ್ಕೆ ನಮ್ಮ ಬೀದಿಯಲ್ಲಿ ಹಾದುಹೋಗುವ ಕಂದು ಹಸು ಅಂದು ಬರಲಿಲ್ಲ. ಚಳಿ ಇತ್ತು, ಬೆರಳುಗಳಲ್ಲಿ ಸೊಗಡು ಇನ್ನೂ ಇತ್ತು. ಒಳಗೆ ಷಡ್ಡಕರ ಗೊರಕೆ ಆಗಲೇ ಶುರುವಾಗಿತ್ತು. ಇನ್ನೊಂದು ಐದು ನಿಮಿಷ ನೋಡೋಣವೆಂದು ಬುಟ್ಟಿಯನ್ನು ಕಾಂಪೌಂಡಿನ ಮೇಲಿಟ್ಟೆ.