ಅಹಂ ಕರಗಿದೆ, ಇನಿಶಿಯಲ್ ತಪ್ಪಾಗಿದೆ

ಮೂರು ದಿನದ ಆತ್ಮಪರಿವರ್ತನಾ ಶಿಬಿರ ಮುಗಿದಿದೆ. ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ಸರ್ಟಿಫಿಕೇಟ್ ಕೊಡುತ್ತಿದ್ದಾರೆ. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ನಡುವೆ ಒಂದು ತಾವರೆ. ಕೆಳಗೆ ಒಕ್ಕಣೆ: 'ಇವರು ಅಹಂ ವಿಸರ್ಜನೆಯ ಮೊದಲ ಹಂತವನ್ನು ಯಶಸ್ವಿಯಾಗಿ ಪೂರೈಸಿರುತ್ತಾರೆ.' ಒಬ್ಬರು ಅದನ್ನು ತೆಗೆದುಕೊಂಡು ಕೆಳಗಿಳಿದರು. ಓದಿದರು. ಮುಖ ಕೆಂಪಗಾಯಿತು. ಸೀದಾ ಮೇಜಿನ ಹತ್ತಿರ ಬಂದು ಕಾಗದವನ್ನು ಕುಕ್ಕಿದರು. ಹೆಸರಿನ ಮುಂದೆ ಎರಡು ಇನಿಶಿಯಲ್ ಇರಬೇಕಿತ್ತಂತೆ, ಒಂದೇ ಇದೆ. 'ನಾನು ಯಾರು ಅಂತ ಗೊತ್ತೇನಯ್ಯಾ ನಿನಗೆ?'

ಮೇಜಿನ ಹಿಂದಿದ್ದ ಹುಡುಗ ತಬ್ಬಿಬ್ಬಾದ. ಮೂರು ದಿನವೂ ಮುಂಜಾನೆ ನಾಲ್ಕಕ್ಕೆ ಎದ್ದು, ಕಣ್ಣು ಮುಚ್ಚಿಕೊಂಡು, ಎಲ್ಲರೂ ತಮ್ಮನ್ನು ತಾವು ಕೇಳಿಕೊಂಡಿದ್ದು ಇದೇ ಪ್ರಶ್ನೆ. ಅಷ್ಟು ಜನರಲ್ಲಿ ಉತ್ತರ ಖಚಿತವಾಗಿ ಗೊತ್ತಿದ್ದದ್ದು ಇವರೊಬ್ಬರಿಗೇ.

ಇಂಥ ಶಿಬಿರಗಳಲ್ಲಿ ಕೊನೆಗೆ ಒಂದು ಫಾರ್ಮ್ ಕೂಡ ಇರುತ್ತದೆ. 'ನಿಮ್ಮ ಅಹಂ ಎಷ್ಟು ಕಡಿಮೆಯಾಗಿದೆ? 1ರಿಂದ 10ರೊಳಗೆ ಅಂಕ ಕೊಡಿ.' ಜನ ಪಕ್ಕದವರ ಫಾರ್ಮ್ ಇಣುಕಿ ನೋಡಿ ತಮ್ಮದು ತುಂಬುತ್ತಾರೆ. ಅವರು 8 ಬರೆದರೆ ಇವರದು 9. ವಿನಯದಲ್ಲಿ ಹಿಂದೆ ಬೀಳುವುದನ್ನು ಯಾರೂ ಸಹಿಸುವುದಿಲ್ಲ, ಅಲ್ವಾ?

ಮೂರು ದಿನ ಸಾಲದವರಿಗೆ 21 ದಿನದ ಪ್ಯಾಕೇಜ್ ಇದೆ. 21 ದಿನದಲ್ಲಿ ಹೊಸ ಮನುಷ್ಯ ಆಗಿಬಿಡುತ್ತೀರಿ ಎಂದು ಬ್ಯಾನರ್ ಹೇಳುತ್ತದೆ. ಈ 21 ಎಲ್ಲಿಂದ ಬಂತು ಗೊತ್ತಾ? ಯಾವ ಋಷಿಯೂ ಹೇಳಿದ್ದಲ್ಲ. ಈ ಲೆಕ್ಕ ಹೆಚ್ಚಾಗಿ ಹರಡಿದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕದಿಂದ. ಮುಖದ ಆಪರೇಷನ್ ಮಾಡಿಸಿಕೊಂಡವರು ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು ಅವರು ಗಮನಿಸಿದ್ದರು. 'ಕಡಿಮೆ ಅಂದರೂ' ಎಂಬುದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಮುಖದ ಮಾತು ಆತ್ಮಕ್ಕೆ ದಾಟಿತು. ಆಮೇಲೆ ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು 96 ಜನರ ಮೇಲೆ ಒಂದು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಊಟದ ಜೊತೆ ಒಂದು ಹಣ್ಣು ತಿನ್ನುವುದು, ನೀರು ಕುಡಿಯುವುದು, ಇಂಥ ಸಣ್ಣಪುಟ್ಟ ಅಭ್ಯಾಸಗಳು ತಾವಾಗಿಯೇ ಆಗುವಂತಾಗಲು ಎಷ್ಟು ದಿನ ಬೇಕು ಎಂದು ನೋಡಿದರು. ಅಂದಾಜು 18ರಿಂದ 254 ದಿನ ಎಂಬ ಲೆಕ್ಕ ಸಿಕ್ಕಿತು. ನೀರು ಕುಡಿಯಲು ಕಲಿಯುವುದಕ್ಕೇ ಇಷ್ಟು. ಹೊಟ್ಟೆಕಿಚ್ಚು ಬಿಡಲು ಎಷ್ಟಾಗುತ್ತದೋ ಅವರು ಅಳೆಯಲು ಹೋಗಲಿಲ್ಲ. ಜಾಣರು.

ಹೊಸ ಮನುಷ್ಯನನ್ನು ಗುರುತಿಸುವುದು ಸುಲಭ. ಗುಣ ಹಳೆಯದೇ, ಭಾಷೆ ಮಾತ್ರ ಬದಲಾಗಿರುತ್ತದೆ. ಮೊದಲು 'ನನಗೆ ಟೈಮ್ ಇಲ್ಲ' ಎನ್ನುತ್ತಿದ್ದವರು ಈಗ 'ನಾನು ವರ್ತಮಾನದಲ್ಲಿದ್ದೇನೆ' ಎನ್ನುತ್ತಾರೆ. ಅಣ್ಣನ ಮೇಲಿನ ಸಿಟ್ಟು 'ಅವನ ವೈಬ್ರೇಷನ್ ಸರಿಯಿಲ್ಲ' ಎಂದಾಗಿದೆ. ಸಾಲ ವಾಪಸ್ ಕೇಳಿದರೆ ಮುಗುಳ್ನಕ್ಕು, 'ಅಂಟಿಕೊಳ್ಳಬೇಡಿ' ಎನ್ನುತ್ತಾರೆ. ಮೊದಲಾದರೆ ಜಗಳವನ್ನಾದರೂ ಆಡಬಹುದಿತ್ತು. ಈಗ ಎದುರಿಗಿರುವವನು ಶಾಂತಮೂರ್ತಿ. ಕೂಗಾಡಿದರೆ ತಪ್ಪು ನಿಮ್ಮದೇ.

ಶಿಬಿರದ ಎರಡನೆಯ ದಿನ ಕ್ಷಮೆಯ ಪಾಠ. ಎಲ್ಲರೂ ಫೋನ್ ತೆಗೆದು ಬಂಧುಬಳಗಕ್ಕೆಲ್ಲ ಒಂದೇ ಮೆಸೇಜ್ ಕಳಿಸಬೇಕು: 'ತಿಳಿದೋ ತಿಳಿಯದೆಯೋ ನಿಮ್ಮನ್ನು ನೋಯಿಸಿದ್ದರೆ ಕ್ಷಮಿಸಿ.' ಕೈಮುಗಿದ ಎರಡು ಚಿತ್ರ ಕೂಡ. ಬ್ಯಾಂಕಿನವರಿಗೂ ಹೋಗುತ್ತದೆ, ಎಂದೋ ಒಮ್ಮೆ ಬಂದುಹೋದ ಪ್ಲಂಬರನಿಗೂ ಹೋಗುತ್ತದೆ. ಇವರಿಂದ ನಿಜವಾಗಿ ನೋವು ತಿಂದವರಿಗೆ ಮಾತ್ರ ಹೋಗುವುದಿಲ್ಲ. ಅವರ ನಂಬರ್ ಬ್ಲಾಕ್ ಆಗಿರುತ್ತದೆ. 'ನೋಯಿಸಿದ್ದರೆ' ಎಂಬ ಆ 'ದ್ದರೆ' ಇದೆಯಲ್ಲ, ಅದು ವಕೀಲರು ಬರೆದುಕೊಟ್ಟ ಹಾಗಿದೆ.

ನಿಜವಾಗಿ ಬದಲಾದವರು ಇಲ್ಲವೇ ಅಂದರೆ, ಇದ್ದಾರೆ. ಆದರೆ ಅವರ ಕತೆಯನ್ನು ಬ್ಯಾನರಿಗೆ ಹಾಕಲಾಗುವುದಿಲ್ಲ. ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕನಿದ್ದ. 1748ರಲ್ಲಿ ಸಮುದ್ರದ ಬಿರುಗಾಳಿಗೆ ಸಿಕ್ಕಿ, ಸತ್ತೇ ಹೋಗುತ್ತೇನೆ ಅನ್ನಿಸಿದಾಗ ದೇವರನ್ನು ಕೂಗಿಕೊಂಡ. ಆಧ್ಯಾತ್ಮಿಕ ತಿರುವು ಅಲ್ಲಿಂದ ಶುರು. ಆಮೇಲೆ ಏನು ಮಾಡಿದ? ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್ ಆದ. ಭಾನುವಾರ ನಾವಿಕರಿಗೆ ಪ್ರಾರ್ಥನೆ ಮಾಡಿಸುತ್ತಿದ್ದ, ಕೆಳಗಿನ ಅಟ್ಟದಲ್ಲಿ ಜನ ಸರಪಳಿಯಲ್ಲಿದ್ದರು. 1754ರಲ್ಲಿ ಸಮುದ್ರಯಾನ ಬಿಟ್ಟದ್ದು ಕೂಡ ಮನಸ್ಸು ಚುಚ್ಚಿತೆಂದಲ್ಲ, ಆರೋಗ್ಯ ಕೆಟ್ಟಿತೆಂದು. ಆ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದು, ತಾನೂ ಅದರಲ್ಲಿದ್ದೆ ಎಂದು ನಾಚಿಕೆಯಿಂದ ಒಪ್ಪಿಕೊಂಡದ್ದು 1788ರಲ್ಲಿ. ಬಿರುಗಾಳಿಗೂ ಪುಸ್ತಿಕೆಗೂ ನಡುವೆ 40 ವರ್ಷ! ಇಂದಿನ ಶಿಬಿರದಲ್ಲಾಗಿದ್ದರೆ ಬಿರುಗಾಳಿಯ ಮಾರನೆಯ ದಿನವೇ ಅವನಿಗೆ ಶಾಲು ಹೊದಿಸಿ, ಹಡಗಿಗೆ ವಾಪಸ್ ಕಳಿಸಿರುತ್ತಿದ್ದರು.

ಅಶೋಕನಂಥ ಅಶೋಕನದೂ ಒಂದು ತಮಾಷೆಯಿದೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು, ಅದರಿಂದ ತನಗೆ ಪಶ್ಚಾತ್ತಾಪವಾಗಿದೆ ಎಂದು ಅವನು ಬಂಡೆಯ ಮೇಲೆ ಕೆತ್ತಿಸಿದ. ಹದಿಮೂರನೆಯ ಶಿಲಾಶಾಸನ. ಆದರೆ ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಆ ಶಾಸನ ಇಲ್ಲ. ಅಲ್ಲಿ 'ಎಲ್ಲರೂ ನನ್ನ ಮಕ್ಕಳು' ಎಂಬ ಬೇರೆ ಶಾಸನವಿದೆ. ಅದೂ ಒಳ್ಳೆಯದೇ. ಆದರೂ ಪೆಟ್ಟು ತಿಂದವರ ಊರೊಂದನ್ನು ಬಿಟ್ಟು ಉಳಿದ ಕಡೆ ಪಶ್ಚಾತ್ತಾಪ ಸಾರುವ ಪದ್ಧತಿ ವಾಟ್ಸಾಪಿನಿಂದ ಶುರುವಾದದ್ದಲ್ಲ ಎಂದಾಯಿತು. ಅಶೋಕನ ಪರ ಒಂದು ಮಾತು ಹೇಳಲೇಬೇಕು. ಅವನು ಸತ್ತವರ ಸಂಖ್ಯೆ ಬರೆಸಿದ. 'ಸತ್ತಿದ್ದರೆ' ಎಂದು ಬರೆಸಲಿಲ್ಲ.

ಒಬ್ಬ ಆಯೋಜಕರ ಮುಂದೆ ನಾನೊಂದು ಸಲಹೆ ಇಟ್ಟೆ. ಪರಿವರ್ತನೆ ಆಗಿದೆಯೋ ಇಲ್ಲವೋ ಎಂದು ಬದಲಾದವರನ್ನೇ ಏಕೆ ಕೇಳುತ್ತೀರಿ? ಒಂದು ವರ್ಷ ಬಿಟ್ಟು ಅವರ ಹೆಂಡತಿಯನ್ನೋ ಗಂಡನನ್ನೋ ಕೇಳಿ. ಅವರ ಕೈಕೆಳಗೆ ಕೆಲಸ ಮಾಡುವವರನ್ನು ಕೇಳಿ. ತಿರುಗಿ ಮಾತಾಡಲಾಗದವರ ಜೊತೆ ಹೇಗಿದ್ದಾರೆ ನೋಡಿ. ಆಮೇಲೆ ಬೇಕಾದರೆ ಅಂಕ ಕೊಡಿ.

ಅವರು ಗಂಭೀರವಾಗಿ ಕೇಳಿಸಿಕೊಂಡರು. ಡೈರಿಯಲ್ಲಿ ಬರೆದುಕೊಂಡರು. 'ಹೌದು ಸರ್, ಇದು ದೊಡ್ಡ ಸಮಸ್ಯೆ. ನಮ್ಮಲ್ಲಿ ಬದಲಾಗಿ ಹೋದವರ ಬದಲಾವಣೆ ಮನೆಯವರಿಗೆ ಕಾಣಿಸುತ್ತಲೇ ಇಲ್ಲ,' ಎಂದರು. ನಾನು ಖುಷಿಪಟ್ಟೆ.

ಹೋದ ವಾರ ಅವರ ಹೊಸ ಕರಪತ್ರ ಬಂತು. ಮನೆಯವರಿಗಾಗಿಯೇ ವಿಶೇಷ ಶಿಬಿರ, ಎರಡು ದಿನ. ವಿಷಯ: 'ನಿಮ್ಮವರಲ್ಲಾದ ಪರಿವರ್ತನೆಯನ್ನು ಕಾಣುವುದು ಹೇಗೆ?' ನೋಂದಣಿಯನ್ನು ಪರಿವರ್ತನೆಯಾದವರೇ ಮಾಡಿಸಬೇಕು. ಮನೆಯವರ ಒಪ್ಪಿಗೆ ಕಡ್ಡಾಯವಲ್ಲ.